ಮೊದಲು ಬರೆಯಲಿ, ಆಮೇಲೆ ಮಾತಾಡಲಿ

ಪ್ರಿಯ ಪೋಷಕರೇ,

ನಮಸ್ಕಾರ. ಈ ಸಲ ಫೀಸು, ಪರೀಕ್ಷೆಯ ವಿಷಯ ಇಲ್ಲ. ನಮ್ಮ ಏಳನೇ ಕ್ಲಾಸಿನ ಮಕ್ಕಳ ಬಗ್ಗೆ ಬರೆಯುತ್ತಿದ್ದೇನೆ.

ಕೆಲವು ವಾರಗಳಿಂದ ಮಧ್ಯಾಹ್ನದ ಊಟ ಮುಗಿಯುತ್ತಿದ್ದಂತೆ ಶಾಲೆಯ ಟ್ಯಾಂಕ್ ಖಾಲಿಯಾಗುತ್ತಿತ್ತು. ಎರಡು ಗಂಟೆಗೆಲ್ಲ ಶೌಚಾಲಯದಲ್ಲಿ ನೀರಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನವರು ಟ್ಯಾಂಕರ್‌ಗಾಗಿ ಕಾದಿದ್ದು ನಿಮಗೆಲ್ಲ ನೆನಪಿದೆ. ಸುಮಾರು ನೂರು ಕಿಲೋಮೀಟರ್ ದೂರದಿಂದ ಮೇಲಕ್ಕೆ ಪಂಪ್ ಮಾಡಿ ತರುವ ಕಾವೇರಿ ನೀರು ನಮ್ಮದು. ಹಾಗಾಗಿ ಇದನ್ನೇ ಮಕ್ಕಳಿಗೆ ಕೊಟ್ಟೆವು: ಆರಾರು ಜನ ಕೂತು ಕಾರಣ ಹುಡುಕಿ.

ಮೊದಲ ದಿನ ಒಬ್ಬ ಹುಡುಗ ಎದ್ದು, "ಮಿಸ್, ನಲ್ಲಿ ಸೋರ್ತಿದೆ" ಅಂದ. ಜೋರು ದನಿ, ಒಳ್ಳೆಯ ಹುಡುಗ. ಎಲ್ಲರೂ ಹೌದು ಅಂದರು. ನಾನೂ ಹೌದು ಅಂದೆ. ಚಾರ್ಟ್ ಆಯಿತು, ಸ್ಕೆಚ್ ಪೆನ್ನಿನಲ್ಲಿ ಬಣ್ಣ ಆಯಿತು, ಪ್ಲಂಬರ್ ಬಂದು ವಾಷರ್ ಬದಲಾಯಿಸಿದರು. ಮರುದಿನ ಎರಡು ಗಂಟೆಗೆ ಟ್ಯಾಂಕ್ ಮತ್ತೆ ಖಾಲಿ.

ಎರಡನೇ ಸಲ ಕ್ರಮ ಬದಲಾಯಿಸಿದೆವು. ಹತ್ತು ನಿಮಿಷ ಯಾರೂ ಮಾತಾಡುವ ಹಾಗಿಲ್ಲ. ಪ್ರತಿಯೊಬ್ಬರೂ ತಾವು ಕಂಡಿದ್ದನ್ನು ಹಾಳೆಯಲ್ಲಿ ಬರೆಯಬೇಕು. ಆಮೇಲೆ ಸರದಿಯಂತೆ ಓದಬೇಕು. ಮೊದಲ ದಿನ ಬಾಯಿಯೇ ಬಿಡದ ಒಬ್ಬ ಹುಡುಗಿ ನಾಲ್ಕೇ ಸಾಲು ಬರೆದಿದ್ದಳು. "ನಾನು ದಿನಾ ನಲ್ಲಿ ಪಕ್ಕದ ಮೆಟ್ಟಿಲ ಮೇಲೆ ಕೂತು ಊಟ ಮಾಡ್ತೀನಿ. ಒಂದನೇ ಕ್ಲಾಸಿನವರಿಗೆ ದೊಡ್ಡವರು ನಲ್ಲಿ ತಿರುಗಿಸಿ ಕೊಟ್ಟು ಹೋಗ್ತಾರೆ. ನಿಲ್ಲಿಸೋಕೆ ಅವರಿಗೆ ಕೈ ಎಟಕಲ್ಲ. ಹಾಗೇ ಬಿಟ್ಟು ಹೋಗ್ತಾರೆ."

ಕ್ಲಾಸಿನಲ್ಲಿ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಎಲ್ಲರೂ ಬಕೆಟ್ ಹಿಡಿದು ಓಡಿದರು. ಗಡಿಯಾರ ನೋಡಿದವನು ಅದೇ ಮೊದಲ ದಿನದ ಹುಡುಗ. 15 ಲೀಟರ್ ಬಕೆಟ್ ತುಂಬಲು 75 ಸೆಕೆಂಡ್, ಅಂದರೆ ನಿಮಿಷಕ್ಕೆ 12 ಲೀಟರ್. ಮೂರು ನಲ್ಲಿ ಐದು ನಿಮಿಷ ಹರಿದರೆ 180 ಲೀಟರ್ ಅಂತ ಅವನೇ ಲೆಕ್ಕ ಹಾಕಿದ. ಗಾರೆ ಕೆಲಸ ಮಾಡುವ ಪೋಷಕರೊಬ್ಬರು ಭಾನುವಾರ ಬಂದು ನಲ್ಲಿಯ ಕೆಳಗೆ ಒಂದು ಮೆಟ್ಟಿಲು ಕಟ್ಟಿಕೊಟ್ಟರು. ಅವರಿಗೆ ಕೈಮುಗಿದು ಧನ್ಯವಾದ. ಈಗ ಶಾಲೆ ಬಿಡುವವರೆಗೂ ನೀರು ಬರುತ್ತಿದೆ.

ಇದು ನಮ್ಮ ಶಾಲೆಯಲ್ಲಿ ಮಾತ್ರ ಕಂಡಿದ್ದಲ್ಲ. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷಿಸಿ ನೋಡಿದ್ದರು. ನಾಲ್ಕು ಜನ ಒಟ್ಟಿಗೆ ಕೂತು ಹೇಳಿದ ಉಪಾಯಗಳಿಗಿಂತ, ನಾಲ್ವರು ಬೇರೆ ಬೇರೆ ಕೂತು ಯೋಚಿಸಿದ್ದನ್ನು ಸೇರಿಸಿದಾಗ ಜಾಸ್ತಿ ಉಪಾಯ ಸಿಕ್ಕವು. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು. ಕಾಯುತ್ತಾ ತಮ್ಮದು ಮರೆತುಹೋಗುತ್ತದೆ, ಇಲ್ಲವೇ ಹೇಳಲು ಸಂಕೋಚ ಆಗುತ್ತದೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅಂತೀವಿ. ಆದರೆ ಹತ್ತೂ ಜನ ಕಡ್ಡಿ ತರಬೇಕು, ಅಲ್ವಾ?

ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ಗ್ರೂಪ್ ಪ್ರಾಜೆಕ್ಟ್ ಅಂದ ಕೂಡಲೇ ಒಂದು ಮನೆಯಲ್ಲಿ ಅಪ್ಪ ಅಮ್ಮ ರಾತ್ರಿ ಹನ್ನೊಂದರವರೆಗೆ ಥರ್ಮಾಕೋಲ್ ಕತ್ತರಿಸುತ್ತಾರೆ, ಉಳಿದ ಐದು ಮಕ್ಕಳ ಹೆಸರು ಮಾತ್ರ ಸೇರುತ್ತದೆ. ದಯವಿಟ್ಟು ಬೇಡ. ಅಂಕುಡೊಂಕಾಗಿದ್ದರೂ ಮಕ್ಕಳದ್ದೇ ಬರಲಿ. ಮನೆಗೆ ಬಂದಾಗ "ಲೀಡರ್ ಯಾರು?" ಅಂತ ಕೇಳುವ ಬದಲು "ನೀನೇನು ಹೇಳಿದೆ? ಯಾರ ಮಾತು ಕೇಳಿ ನಿನ್ನ ಮನಸ್ಸು ಬದಲಾಯ್ತು?" ಅಂತ ಕೇಳಿ ನೋಡಿ.

ಬರುವ ಶನಿವಾರ ಹತ್ತು ಗಂಟೆಗೆ ಪೋಷಕರ ಸಭೆ ಇದೆ. ಬೆಳಗ್ಗೆ ಗೇಟಿನ ಮುಂದೆ ಆಟೋ, ಸ್ಕೂಟರ್, ವ್ಯಾನ್ ಎಲ್ಲ ಒಟ್ಟಿಗೆ ನುಗ್ಗಿ ಮಕ್ಕಳು ನಡುವೆ ಸಿಕ್ಕಿಕೊಳ್ಳುತ್ತಿದ್ದಾರೆ. ಅದಕ್ಕೆ ದಾರಿ ಹುಡುಕೋಣ. ಮೊದಲ ಹತ್ತು ನಿಮಿಷ ಎಲ್ಲರಿಗೂ ಒಂದೊಂದು ಹಾಳೆ. ಬರೆಯಲು ಬಾರದವರು ಹೇಳಿದರೆ ಮಕ್ಕಳು ಬರೆದುಕೊಡುತ್ತಾರೆ. ಆಟೋ ಅಣ್ಣಂದಿರನ್ನೂ ಕರೆದಿದ್ದೇನೆ. ನಾನು ಎಲ್ಲರಿಗಿಂತ ಕೊನೆಯಲ್ಲಿ ಮಾತಾಡುತ್ತೇನೆ. ಬರುವಾಗ ಒಂದು ಪೆನ್ ತನ್ನಿ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ