‘ದಾಖಲೆ ಇಲ್ಲ’ ಎಂದರೆ ಅದನ್ನು ಬರೆದುಕೊಡಿ ಎನ್ನಿ

ಮಾನ್ಯ ಸಂಪಾದಕರೇ,

ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು), ಕುಟುಂಬ ಪಿಂಚಣಿ, ವಿಮೆ, ಬ್ಯಾಂಕ್ ಠೇವಣಿ... ಮನೆಯಲ್ಲಿ ಒಬ್ಬರು ತೀರಿಕೊಂಡ ಮೇಲೆ ಯಾವ ಕಚೇರಿಗೆ ಹೋದರೂ ಮೊದಲು ಕೇಳುವುದು ಮರಣ ಪ್ರಮಾಣಪತ್ರವನ್ನು. ಮೊನ್ನೆ ಮೊನ್ನೆ ತೀರಿಕೊಂಡವರದು ಸಾಮಾನ್ಯವಾಗಿ ತೊಂದರೆಯಿಲ್ಲದೆ ಸಿಗುತ್ತದೆ. ಕಷ್ಟ ಶುರುವಾಗುವುದು ಇಪ್ಪತ್ತು ಮೂವತ್ತು ವರ್ಷದ ಹಿಂದೆ ಹೋದ ಅಜ್ಜನದೋ ತಂದೆಯದೋ ದೃಢೀಕೃತ ಪ್ರತಿ, ಅಂದರೆ ಮರಣ ರಿಜಿಸ್ಟರ್ ನೋಡಿ ಕಚೇರಿ ಕೊಡುವ ಪ್ರತಿ, ಬೇಕಾದಾಗ. ಕೌಂಟರಿನಲ್ಲಿ ‘ನಮ್ಮಲ್ಲಿ ದಾಖಲೆ ಇಲ್ಲ’ ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸುತ್ತಾರೆ. ಜನ ಅಲ್ಲಿಂದ ನೇರ ಮಧ್ಯವರ್ತಿಯ ಹತ್ತಿರ ಹೋಗುತ್ತಾರೆ. ಆದರೆ ಹೀಗೆ ‘ಇಲ್ಲ’ ಎನಿಸಿಕೊಂಡ ಎಷ್ಟೋ ದಾಖಲೆಗಳು ಬೇರೆ ಪುಸ್ತಕದಲ್ಲೋ ಬೇರೆ ಕಚೇರಿಯಲ್ಲೋ ಭದ್ರವಾಗಿಯೇ ಇರುತ್ತವೆ.

1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ನೋಂದಣಿಯಾಗುವುದು ಅದು ಸಂಭವಿಸಿದ ಜಾಗದಲ್ಲಿ, ವ್ಯಕ್ತಿಯ ಸ್ವಂತ ಊರಿನಲ್ಲಲ್ಲ. ಹಾಸನ ಜಿಲ್ಲೆಯ ಹಳ್ಳಿಯವರು ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡು, ಅಂತ್ಯಕ್ರಿಯೆ ಊರಿನಲ್ಲೇ ನಡೆದಿದ್ದರೂ ದಾಖಲೆ ಇರುವುದು ಮೈಸೂರಿನಲ್ಲಿ. ಊರಿನ ಗ್ರಾಮ ಆಡಳಿತ ಅಧಿಕಾರಿಯನ್ನು ಎಷ್ಟು ಕೇಳಿದರೂ ಅವರ ಪುಸ್ತಕದಲ್ಲಿ ಅದು ಸಿಗದು. ಆಸ್ಪತ್ರೆಗೆ ಒಯ್ಯುವಾಗ ವಾಹನದಲ್ಲೇ ಜೀವ ಹೋಗಿದ್ದರೆ ವಾಹನ ಮೊದಲು ನಿಂತ ಸ್ಥಳದಲ್ಲಿ ಮಾಹಿತಿ ಕೊಡಬೇಕೆಂಬುದು ನಿಯಮ. ಅಪಘಾತ, ಆತ್ಮಹತ್ಯೆಯಂಥ ಪ್ರಕರಣಗಳಲ್ಲಿ ಶವಪಂಚನಾಮೆ ನಡೆಸಿದ ಅಧಿಕಾರಿಯಿಂದ ಮಾಹಿತಿ ಹೋಗಿರುವುದುಂಟು. ಆದ್ದರಿಂದ ಎಲ್ಲಿಯ ಪೊಲೀಸ್ ಠಾಣೆಯಲ್ಲಿ ಪ್ರಕರಣ ದಾಖಲಾಗಿತ್ತು ಎಂಬುದು ಹುಡುಕುವವರಿಗೆ ಒಳ್ಳೆಯ ಸುಳಿವು.

ಜಾಗ ಸರಿಯಾಗಿದ್ದರೂ ದಾಖಲೆ ಸಿಗದಿರುವುದಕ್ಕೆ ಇನ್ನೊಂದು ಕಾರಣವಿದೆ. ಮರಣ ರಿಜಿಸ್ಟರ್ ಶಾಶ್ವತ ದಾಖಲೆ, ಅದನ್ನು ನಾಶ ಮಾಡುವಂತಿಲ್ಲ. ಆದರೆ ಅದು ಸದಾ ನೋಂದಣಾಧಿಕಾರಿಯ ಬೀರುವಿನಲ್ಲೇ ಇರುವುದೂ ಇಲ್ಲ. ಪುಸ್ತಕ ಕ್ಯಾಲೆಂಡರ್ ವರ್ಷಕ್ಕೊಂದು. ವರ್ಷ ಮುಗಿದ ಮೇಲೆ ಹನ್ನೆರಡು ತಿಂಗಳು ನೋಂದಣಾಧಿಕಾರಿಯಲ್ಲಿ ಇಟ್ಟುಕೊಂಡು, ಬಳಿಕ ಸರ್ಕಾರ ಗೊತ್ತುಮಾಡಿದ ಅಧಿಕಾರಿಯ ಸುಪರ್ದಿಗೆ ಕಳಿಸಬೇಕು. ನಮ್ಮಲ್ಲಿ ಹಳ್ಳಿಗಳ ಹಳೆಯ ಪುಸ್ತಕಗಳನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹುಡುಕಬೇಕು. ಗ್ರಾಮದ ಅಧಿಕಾರಿ ‘ಇಲ್ಲ’ ಎಂದರೆ ‘ನನ್ನ ಹತ್ತಿರ ಇಲ್ಲ’ ಎಂದಷ್ಟೇ ಅರ್ಥ. ಜನನ ಮರಣ ನೋಂದಣಿಯ ಇ-ಜನ್ಮ ತಂತ್ರಾಂಶದಲ್ಲಿ ಹೆಸರು ಕಾಣುತ್ತಿಲ್ಲ ಎನ್ನುವುದೂ ಅಂಥದ್ದೇ ಉತ್ತರ. ಕೈಬರಹದ ಕಾಲದ ನೋಂದಣಿಗೆ ಕಂಪ್ಯೂಟರ್ ನೋಡಿ ತೀರ್ಮಾನ ಹೇಳುವುದು ತಪ್ಪು, ಪುಸ್ತಕ ತೆಗೆದು ನೋಡಲೇಬೇಕು.

ವರ್ಷದ ವಿಚಾರದಲ್ಲೂ ಎಚ್ಚರ ಬೇಕು. ಡಿಸೆಂಬರ್ ಕೊನೆಯಲ್ಲಿ ತೀರಿಕೊಂಡವರ ನೋಂದಣಿ ಜನವರಿಯಲ್ಲಿ ಆಗಿದ್ದರೆ ಅದು ಮುಂದಿನ ವರ್ಷದ ಪುಸ್ತಕದಲ್ಲಿರುತ್ತದೆ. ತಡವಾಗಿ ನೋಂದಾಯಿಸಿದವಂತೂ ಎರಡು ಮೂರು ವರ್ಷ ಆಚೆಗೂ ಇರಬಹುದು. ಅರ್ಜಿಯಲ್ಲಿ ಸಾವಿನ ದಿನಾಂಕವನ್ನಷ್ಟೇ ಬರೆದರೆ ಸಿಬ್ಬಂದಿ ಆ ಒಂದು ಪುಸ್ತಕ ತಿರುವಿ ಹಾಕಿ ಮುಗಿಸುತ್ತಾರೆ. ‘ಇಂಥ ವರ್ಷದಿಂದ ಇಂಥ ವರ್ಷದವರೆಗೆ ಹುಡುಕಿಕೊಡಿ’ ಎಂದು ಬರೆಯಬೇಕು. ಹುಡುಕಾಟದ ಶುಲ್ಕ ವರ್ಷದ ಲೆಕ್ಕದಲ್ಲಿ ಬೀಳುತ್ತದೆ, ಪ್ರತಿಗೆ ಬೇರೆ ಶುಲ್ಕ. ಎರಡಕ್ಕೂ ರಸೀದಿ ಪಡೆಯಿರಿ.

ದಿನಾಂಕವೇ ಗೊತ್ತಿಲ್ಲ ಎನ್ನುವ ಮನೆಗಳು ಬಹಳ. ಆದರೆ ಅದೇ ಮನೆಯಲ್ಲಿ ವರ್ಷಾಬ್ದಿಕ ನಡೆಯುತ್ತಿದ್ದರೆ ತಿಥಿ ಗೊತ್ತಿದ್ದೇ ಇರುತ್ತದೆ. ‘ಪ್ರಮಾಥಿ ಸಂವತ್ಸರ, ಕಾರ್ತಿಕ ಬಹುಳ ಪಂಚಮಿ’ ಎಂದು ಹಿರಿಯರು ಹೇಳಿದರೆ, ಹಳೆಯ ಪಂಚಾಂಗ ನೋಡಿದವರು ಅದು 1999ರ ನವೆಂಬರ್ ಕೊನೆಯ ವಾರ ಎಂದು ತಿಳಿಸುತ್ತಾರೆ. ಅಷ್ಟು ಸಿಕ್ಕರೆ ಹುಡುಕಾಟ ಒಂದೆರಡು ಪುಸ್ತಕಕ್ಕೆ ಇಳಿಯುತ್ತದೆ. ಉತ್ತರಕ್ರಿಯೆಯ ಆಹ್ವಾನ ಪತ್ರಿಕೆ, ಚಿತಾಗಾರದ ರಸೀದಿ, ಪಿಂಚಣಿ ನಿಂತ ತಿಂಗಳು, ಆಸ್ಪತ್ರೆಯ ಬಿಲ್ಲು, ಇವೂ ನೆರವಿಗೆ ಬರುತ್ತವೆ. ಹೆಸರನ್ನು ಒಂದೇ ರೀತಿ ಬರೆದು ಸುಮ್ಮನಾಗಬೇಡಿ. ಮನೆಯಲ್ಲಿ ಕರೆಯುತ್ತಿದ್ದ ಹೆಸರು, ಇನಿಷಿಯಲ್ ಇದ್ದದ್ದು ಇಲ್ಲದ್ದು, ತಂದೆಯ ಅಥವಾ ಗಂಡನ ಹೆಸರು ಎಲ್ಲವನ್ನೂ ಕೊಡಿ. ಪುಟ್ಟಮ್ಮ ಎಂದು ಹುಡುಕಿದವರಿಗೆ ಸಿಗದ ದಾಖಲೆ ‘ಲಕ್ಷ್ಮಮ್ಮ ಕೋಂ ಸಿದ್ದೇಗೌಡ’ (ಸಿದ್ದೇಗೌಡರ ಹೆಂಡತಿ ಲಕ್ಷ್ಮಮ್ಮ) ಎಂಬ ಸಾಲಿನಲ್ಲಿ ಕೂತಿರಬಹುದು.

ಇಷ್ಟೆಲ್ಲ ಹುಡುಕಿಯೂ ಸಿಗದಿದ್ದರೆ ಬರಿಗೈಯಲ್ಲಿ ಬರಬೇಡಿ. ‘ಹುಡುಕಿದರೂ ದಾಖಲೆ ಸಿಗಲಿಲ್ಲ’ ಎಂಬ ಅಲಭ್ಯ ಪ್ರಮಾಣಪತ್ರವನ್ನು ನಮೂನೆ 10ರಲ್ಲಿ ಕೊಡಲು ನಿಯಮದಲ್ಲೇ ಅವಕಾಶವಿದೆ. ಯಾವ ವರ್ಷಗಳ ಪುಸ್ತಕ ನೋಡಿದ್ದಾರೆ ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ಸಹಿ ಹಾಕಿ ಬರೆದುಕೊಡಿ ಎಂದ ಕೂಡಲೇ ಪುಸ್ತಕವನ್ನು ಎರಡನೇ ಸಲ ತೆಗೆದು ನೋಡುವುದು ಕಚೇರಿಗಳಲ್ಲಿ ಸಾಮಾನ್ಯ. ಮುಂದಿನ ಹೆಜ್ಜೆಗೂ ಈ ಪತ್ರ ಬೇಕು. ಸಾವು ಸಂಭವಿಸಿ ಒಂದು ವರ್ಷ ದಾಟಿದ್ದರೆ ತಡ ನೋಂದಣಿಗೆ ಹಿಂದೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಿತ್ತು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿ ಅಧಿಕಾರ ನೀಡಿದ ಕಾರ್ಯನಿರ್ವಾಹಕ ದಂಡಾಧಿಕಾರಿ ಆದೇಶ ಮಾಡಬಹುದು. ಆದರೆ ಹುಡುಕುವುದನ್ನು ಅರ್ಧಕ್ಕೆ ಬಿಟ್ಟು ಈ ದಾರಿ ಹಿಡಿಯಬಾರದು. ಹಳೆಯ ನಮೂದು ಒಂದು ಕಡೆ ಇದ್ದು, ಇನ್ನೊಂದು ಕಡೆ ಹೊಸ ನೋಂದಣಿಯಾದರೆ ಒಬ್ಬರಿಗೇ ಎರಡು ಮರಣ ದಿನಾಂಕಗಳಾಗುತ್ತವೆ. ಆಸ್ತಿ ವ್ಯಾಜ್ಯದಲ್ಲಿ ಎದುರು ಪಕ್ಷದವರು ಹಿಡಿಯುವುದು ಅದನ್ನೇ.

ಪ್ರತಿಯನ್ನೂ ಕೊಡದೆ ಅಲಭ್ಯ ಪತ್ರವನ್ನೂ ಕೊಡದೆ ಸತಾಯಿಸಿದರೆ ಅದೇ ತಿದ್ದುಪಡಿಯಲ್ಲಿ ಮೇಲ್ಮನವಿಗೆ ದಾರಿ ಇದೆ. ನೋಂದಣಾಧಿಕಾರಿಯ ಕ್ರಮದ ವಿರುದ್ಧ ಮೂವತ್ತು ದಿನದೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಹೋಗಬಹುದು, ಅವರು ತೊಂಬತ್ತು ದಿನದೊಳಗೆ ತೀರ್ಮಾನಿಸಬೇಕು. ಕೈಯಲ್ಲಿ ಸ್ವೀಕೃತಿಯೂ ಇಲ್ಲ, ಬರಹದ ಉತ್ತರವೂ ಇಲ್ಲ ಎಂದಾದರೆ ಯಾವುದರ ವಿರುದ್ಧ ಮೇಲ್ಮನವಿ ಹಾಕುವುದು?

ಸಿಕ್ಕ ಪ್ರತಿಯ ಬಗ್ಗೆಯೂ ಒಂದು ಮಾತು. ಝೆರಾಕ್ಸ್ ಮೇಲೆ ನೋಟರಿಯೋ ಗೆಜೆಟೆಡ್ ಅಧಿಕಾರಿಯೋ ಸಹಿ ಹಾಕಿಕೊಟ್ಟದ್ದು ದೃಢೀಕೃತ ಪ್ರತಿ ಅಲ್ಲ. ಆ ಸಹಿ ‘ಮೂಲವೆಂದು ನನಗೆ ತೋರಿಸಿದ ಕಾಗದಕ್ಕೆ ಇದು ಸರಿಹೊಂದುತ್ತದೆ’ ಎಂದಷ್ಟೇ ಹೇಳುತ್ತದೆ. ರಿಜಿಸ್ಟರ್ ನೋಡಿ ನೋಂದಣಾಧಿಕಾರಿಯೋ ಪುಸ್ತಕ ಸುಪರ್ದಿಯಲ್ಲಿರುವ ಅಧಿಕಾರಿಯೋ ಕೊಟ್ಟ ಪ್ರತಿಯೇ ಸಾಕ್ಷ್ಯವಾಗಿ ನಿಲ್ಲುತ್ತದೆ. ಮೂಲವನ್ನೇ ಇಟ್ಟುಕೊಳ್ಳುವ ಸಂಸ್ಥೆಗಳಿವೆ. ಆದ್ದರಿಂದ ಒಂದೇ ಅರ್ಜಿಯಲ್ಲಿ ನಾಲ್ಕೈದು ಪ್ರತಿ ಕೇಳುವುದು ಜಾಣತನ. ನೋಂದಣಿ ಸಂಖ್ಯೆ ಮತ್ತು ನೋಂದಣಿ ದಿನಾಂಕವನ್ನು ಬೇರೆ ಕಡೆಯೂ ಬರೆದಿಟ್ಟುಕೊಂಡರೆ ಮುಂದೆ ಮತ್ತೆ ಹುಡುಕಾಡುವ ಪಾಡಿಲ್ಲ. ಡಿಜಿಟಲ್ ಸಹಿಯ ಪ್ರಮಾಣಪತ್ರವಾದರೆ ಪಿಡಿಎಫ್ ಕಡತವನ್ನೇ ಜೋಪಾನ ಮಾಡಿ. ಸಹಿ ಇರುವುದು ಕಡತದಲ್ಲಿ, ಮುದ್ರಿಸಿದ ಹಾಳೆಯಲ್ಲಲ್ಲ. ವಿಮೆಯವರು ಸಾವಿನ ಕಾರಣ ಕೇಳಿದರೆ ಇದರಲ್ಲಿ ಹುಡುಕಬೇಡಿ. ಕಾರಣವನ್ನು ಈ ಪ್ರತಿಯಲ್ಲಿ ನಮೂದಿಸಲು ಕಾಯ್ದೆಯೇ ಬಿಡುವುದಿಲ್ಲ. ಅದು ಆಸ್ಪತ್ರೆ ಕೊಡುವ ನಮೂನೆ 4ರಲ್ಲಿರುತ್ತದೆ, ಅದರ ಪ್ರತಿ ಹತ್ತಿರದ ಸಂಬಂಧಿಗೆ ಸಿಗಬೇಕು.

ತಪ್ಪುಗಳ ಮೂಲ ಎಲ್ಲಿದೆ ಎಂಬುದನ್ನೂ ತಿಳಿದಿರಬೇಕು. ಮಾಹಿತಿದಾರರು ತುಂಬಿಕೊಡುವ ನಮೂನೆ 2ರಲ್ಲಿ ಎರಡು ಭಾಗ. ಅಂಕಿಅಂಶದ ಭಾಗವನ್ನು ಬೇರ್ಪಡಿಸಿ ಕಳಿಸುತ್ತಾರೆ. ಉಳಿಯುವ ಕಾನೂನು ಭಾಗದ ಹಾಳೆಗಳೇ ಸೇರಿ ರಿಜಿಸ್ಟರ್ ಆಗುತ್ತವೆ. ಅಂದರೆ ಆಸ್ಪತ್ರೆಯ ಗುಮಾಸ್ತರು ಅವಸರದಲ್ಲಿ ಗೀಚಿದ್ದೇ ಶಾಶ್ವತ ದಾಖಲೆ. ದುಃಖದಲ್ಲಿರುವ ಮನೆಯವರು ಓದದೆ ಸಹಿ ಮಾಡಿಬಿಡುತ್ತಾರೆ. ಆಮೇಲೆ ತಿದ್ದಬೇಕೆಂದರೆ ಹಳೆಯದನ್ನು ಅಳಿಸುವಂತಿಲ್ಲ, ಅಂಚಿನಲ್ಲಿ ಬರೆದು ಸಹಿ, ದಿನಾಂಕ ಹಾಕಬೇಕು. ಬರವಣಿಗೆಯ ಸಣ್ಣ ತಪ್ಪಾದರೆ ನೋಂದಣಾಧಿಕಾರಿ ವಿಚಾರಿಸಿ ಸರಿಪಡಿಸಬಹುದು. ವಾಸ್ತವಾಂಶವೇ ತಪ್ಪಾಗಿದ್ದರೆ ವಿಷಯ ಬಲ್ಲ ಇಬ್ಬರು ನಂಬಲರ್ಹ ವ್ಯಕ್ತಿಗಳ ಘೋಷಣೆ ಬೇಕು. ತಿದ್ದುಪಡಿ ಆಗುವ ಮೊದಲು ತೆಗೆದ ಪ್ರತಿಗಳಲ್ಲಿ ತಪ್ಪು ಹಾಗೇ ಉಳಿದಿರುತ್ತದೆ, ಅವನ್ನು ಎಲ್ಲಿಯೂ ಕೊಡಬೇಡಿ.

ಆಡಳಿತಕ್ಕೆ ನಮ್ಮ ಕೋರಿಕೆ ಎರಡೇ. ಯಾವ ಊರಿನ ಯಾವ ವರ್ಷದ ಮರಣ ರಿಜಿಸ್ಟರ್ ಈಗ ಯಾವ ಕಚೇರಿಯಲ್ಲಿದೆ ಎಂಬ ಪಟ್ಟಿಯನ್ನು ಪ್ರತಿ ನಾಡಕಚೇರಿ ಮತ್ತು ತಾಲ್ಲೂಕು ಕಚೇರಿಯ ಗೋಡೆಗೆ ಹಾಕಿಸಲಿ. ನಮೂನೆ 2ನ್ನು ಕಳಿಸುವ ಮುನ್ನ ಮನೆಯವರೊಬ್ಬರಿಗೆ ಹೆಸರು, ವಿಳಾಸ, ದಿನಾಂಕಗಳನ್ನು ಓದಿ ಹೇಳಿ ಸಹಿ ಪಡೆಯುವಂತೆ ಎಲ್ಲ ಆಸ್ಪತ್ರೆಗಳಿಗೂ ಸುತ್ತೋಲೆ ಹೋಗಲಿ.

ಇತಿ,
ನೋಂದಣಿ ಕೆಲಸ ಬಲ್ಲ ಓದುಗರು