ಹಳೇ ಕಂಪ್ಯೂಟರ್ ಕೊಡುವಾಗ ಅದರ ಲೈಸೆನ್ಸನ್ನೂ ಕೊಡಿ

ಮಾನ್ಯ ಸಂಪಾದಕರೇ,

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಹೊಸ ಮಾಲಿಗಿಂತ ಸೆಕೆಂಡ್‌ಹ್ಯಾಂಡ್ ವ್ಯಾಪಾರವೇ ಜಾಸ್ತಿ. ಕಂಪನಿಗಳು ತೆಗೆದುಹಾಕಿದ ಡೆಲ್, ಎಚ್‌ಪಿ, ಲೆನೊವೊ ಸಿಸ್ಟಮ್‌ಗಳನ್ನು ಬೆಂಗಳೂರಿನ ಎಸ್.ಪಿ. ರೋಡಿನಿಂದ ತರಿಸುತ್ತೇನೆ. ಧೂಳು ಹೊಡೆದು, ರ್‍ಯಾಮ್ ಏರಿಸಿ, ಎಸ್‌ಎಸ್‌ಡಿ ಹಾಕಿ ಮಾರುತ್ತೇನೆ. ಕೊಬ್ಬರಿ ಮಂಡಿಯ ಲೆಕ್ಕದವರು, ಡಿಟಿಪಿಯವರು, ಕಾಲೇಜು ಹುಡುಗರು ನನ್ನ ಗಿರಾಕಿಗಳು. ಎಲ್ಲರೂ ಕೇಳುವುದು ಒಂದೇ ಮಾತು: "ವಿಂಡೋಸ್ ಹಾಕ್ಕೊಡ್ತೀರಲ್ವಾ?" ಅದಕ್ಕೊಂದು ಲೈಸೆನ್ಸ್ ಇರುತ್ತದೆ, ಅದನ್ನು ಯಾರಿಗೆ ದಾಟಿಸಬಹುದು, ಯಾರಿಗೆ ದಾಟಿಸಬಾರದು ಎಂಬ ನಿಯಮ ಇರುತ್ತದೆ ಅನ್ನುವುದು ಮಾತಿಗೇ ಬರುವುದಿಲ್ಲ.

ಈಗ ಆ ಮಾತು ಎತ್ತಲೇಬೇಕಾದ ಕಾಲ ಬಂದಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಮ್ಮಿ 8ನೇ ಜನರೇಷನ್ನಿನಿಂದ ಈಚಿನದೇ ಆಗಬೇಕು. ಹಾಗಾಗಿ ಇನ್ನೂ ಐದಾರು ವರ್ಷ ದುಡಿಯಬಲ್ಲ ಯಂತ್ರಗಳು ಆಫೀಸುಗಳಿಂದ ರಾಶಿರಾಶಿ ಹೊರಬೀಳುತ್ತಿವೆ. ಕೆಲವು ಗುಜರಿಗೆ ಹೋಗುತ್ತವೆ, ಕೆಲವು ನನ್ನಂಥವರ ಅಂಗಡಿಗೆ ಬರುತ್ತವೆ, ಇನ್ನು ಕೆಲವು ಹಳೇ ವಿದ್ಯಾರ್ಥಿಗಳ ಕೈಯಿಂದ ಊರಿನ ಶಾಲೆಗೆ ದಾನವಾಗಿ ಹೋಗುತ್ತವೆ. ಯಂತ್ರದ ಜೊತೆ ಹೋಗಬೇಕಾದ ಹಕ್ಕು ಮಾತ್ರ ದಾರಿಯಲ್ಲೇ ಕಳೆದುಹೋಗುತ್ತಿದೆ. ನಾನು ಹೇಳಬೇಕಾಗಿರುವುದು ಇದನ್ನೇ.

ನಮ್ಮ ಕಡೆಯ ಹೋಬಳಿ ಶಾಲೆಯೊಂದಕ್ಕೆ ಹೀಗೆ ಕೆಲವು ಸಿಸ್ಟಮ್ ಬಂದಿದ್ದವು. ದಾನ ಕೊಟ್ಟವರು ಬೇರೆ ಊರಿನ ಡೀಲರ್ ಒಬ್ಬರ ಹತ್ತಿರ ಕೊಂಡು ತಂದಿದ್ದರು. ಪರದೆಯ ಬಲಮೂಲೆಯಲ್ಲಿ "ಆ್ಯಕ್ಟಿವೇಟ್ ವಿಂಡೋಸ್" ಎಂಬ ಮಸುಕು ಅಕ್ಷರ. ಮೇಷ್ಟ್ರು ನನ್ನನ್ನು ಕರೆಸಿ, "ಇವೆಲ್ಲ ಕಳ್ಳಮಾಲಾ? ನಾಳೆ ಯಾರಾದ್ರೂ ಬಂದು ಕೇಳಿದ್ರೆ ನಾನೇನು ಹೇಳ್ಲಿ?" ಎಂದು ಗಾಬರಿಯಾಗಿ ಕೇಳಿದರು. ನಾನು ಸ್ಟಾರ್ಟ್ ಬಟನ್ ಒತ್ತಿ, 'ರನ್' ತೆಗೆದು, ಎಸ್‌ಎಲ್‌ಎಂಜಿಆರ್, ಒಂದು ಸ್ಪೇಸ್, ಸ್ಲ್ಯಾಶ್, ಡಿಎಲ್‌ಐ ಎಂದು ಟೈಪ್ ಮಾಡಿ ಎಂಟರ್ ಹೊಡೆದೆ. ಸಣ್ಣದೊಂದು ಕಿಟಕಿ ತೆರೆದುಕೊಂಡು ಅದು 'ವಾಲ್ಯೂಮ್' ಪ್ರತಿ ಎಂದು ತೋರಿಸಿತು. ದೊಡ್ಡ ಕಂಪನಿಗಳು ನೂರಾರು ಯಂತ್ರಗಳಿಗೆ ಒಟ್ಟಿಗೆ ಮಾಡಿಕೊಳ್ಳುವ ಒಪ್ಪಂದದ ಬಗೆಯ ಪ್ರತಿ ಅದು. ಅದು ಶಾಲೆಯದ್ದಲ್ಲ, ಡೀಲರನದ್ದೂ ಅಲ್ಲ.

ಆದರೆ ಕ್ಯಾಬಿನೆಟ್ ತಿರುಗಿಸಿದರೆ ಅದು ಬ್ರಾಂಡೆಡ್ ಯಂತ್ರ. ಫ್ಯಾಕ್ಟರಿಯಿಂದ ಹೊರಡುವಾಗಲೇ ವಿಂಡೋಸ್ 10 ಪ್ರೊ ಲೈಸೆನ್ಸ್ ಜೊತೆಗಿತ್ತು. ವಿಂಡೋಸ್ 8 ಬಂದ 2012ರಿಂದ ಈಚೆಗೆ ಇಂಥ ಯಂತ್ರಗಳ ಲೈಸೆನ್ಸ್ ಕೀ, ಅಂದರೆ ಅದರ ಗುರುತಿನ ಅಕ್ಷರಗಳು, ಮದರ್‌ಬೋರ್ಡಿನ ಬಯೋಸ್ ಚಿಪ್ಪಿನಲ್ಲೇ ಕೂತಿರುತ್ತದೆ. ಮೈಕ್ರೋಸಾಫ್ಟ್ ತಾಣದಲ್ಲೇ ಬಿಟ್ಟಿ ಸಿಗುವ ಇನ್‌ಸ್ಟಾಲರನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಹೊಸದಾಗಿ ಹಾಕಿದೆ. ಇಂಟರ್ನೆಟ್ ಕೊಟ್ಟ ತಕ್ಷಣ ತಾನೇ ಆ್ಯಕ್ಟಿವೇಟ್ ಆಯಿತು. ಒಂದು ಪೈಸೆ ಖರ್ಚಿಲ್ಲ. ನ್ಯಾಯವಾದ ಲೈಸೆನ್ಸ್ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಯಂತ್ರಕ್ಕೆ ಆ ಡೀಲರ್ ಕದ್ದ ಪ್ರತಿ ತುರುಕಿದ್ದ! ದುಡ್ಡು ಉಳಿಸಲು ಮಾಡಿದ್ದೂ ಅಲ್ಲ. ಒಂದೇ ಪೆನ್‌ಡ್ರೈವಿನಿಂದ ಎಲ್ಲಕ್ಕೂ ಹೊಡೆಯುವುದು ಅವನಿಗೆ ಸಲೀಸು, ಅಷ್ಟೇ.

ಈ ಗೊಂದಲಕ್ಕೆಲ್ಲ ಮೂಲ, ಡಿಸ್ಕ್ ಬೇರೆ, ಅದನ್ನು ಬಳಸುವ ಹಕ್ಕು ಬೇರೆ ಎಂಬುದನ್ನು ಯಾರೂ ಬಿಡಿಸಿ ಹೇಳದೆ ಇರುವುದು. ಡಿಸ್ಕ್ ಬರೀ ಪ್ಲಾಸ್ಟಿಕ್. ಹಕ್ಕಿನಲ್ಲಿ ಮುಖ್ಯವಾದವು ಎರಡು ಬಗೆ. ಯಂತ್ರದ ಜೊತೆಗೇ ಬಂದದ್ದು ಓಇಎಂ. ಅದು ಆ ಯಂತ್ರಕ್ಕೆ ಅಂಟಿಕೊಂಡಿರುತ್ತದೆ. ಯಂತ್ರ ಮಾರಿದರೆ ಜೊತೆಗೆ ಹೋಗುತ್ತದೆ, ಯಂತ್ರ ಬಿಟ್ಟು ತಾನೊಂದೇ ಹೋಗುವಂತಿಲ್ಲ. ಅಂಗಡಿಯಲ್ಲಿ ಬೇರೆಯಾಗಿ ಕೊಂಡದ್ದು ರೀಟೇಲ್. ಅದನ್ನು ಹಳೇ ಯಂತ್ರದಿಂದ ತೆಗೆದು ನಿಮ್ಮದೇ ಇನ್ನೊಂದಕ್ಕೆ ಹಾಕಿಕೊಳ್ಳಬಹುದು. ಬೇರೆಯವರಿಗೂ ಕೊಡಬಹುದು, ಆದರೆ ಮೊದಲು ಕೊಂಡವರು ಮಾತ್ರ. ಅವರಿಂದ ಪಡೆದವನು ಮತ್ತೊಬ್ಬನಿಗೆ ದಾಟಿಸಲು ಕಂಪನಿಯ ಷರತ್ತು ಒಪ್ಪುವುದಿಲ್ಲ. ಇನ್ನು ಆಗಲೇ ಹೇಳಿದ ವಾಲ್ಯೂಮ್ ಲೈಸೆನ್ಸ್, ಯಂತ್ರದ ಮೂಲ ಲೈಸೆನ್ಸಿನ ಮೇಲೆ ಕೊಡುವ ಅಪ್‌ಗ್ರೇಡ್ ಮಾತ್ರ. ಆಫೀಸಿನವರು ಯಂತ್ರ ಮಾರಿದಾಗ ಅದು ಸಾಮಾನ್ಯವಾಗಿ ಕೊಂಡವರಿಗೆ ದಾಟುವುದಿಲ್ಲ. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಬರೀ ಕೀ ಮಾರುವವರಿದ್ದಾರಲ್ಲ, ಅದು ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿ ನೋಡಿ.

ವಿಂಡೋಸ್ 7 ಕಾಲದ ಯಂತ್ರಗಳ ಕಥೆ ಸ್ವಲ್ಪ ಬೇರೆ. ಅವಕ್ಕೆ ಕ್ಯಾಬಿನೆಟ್ ಮೇಲೆ ಹೊಳೆಯುವ ಪಟ್ಟಿಯ ಸ್ಟಿಕ್ಕರ್ ಇರುತ್ತಿತ್ತು, ಅದರ ಮೇಲೆ ಐದೈದರಂತೆ 25 ಅಕ್ಷರದ ಕೀ. ಲ್ಯಾಪ್‌ಟಾಪಿನಲ್ಲಾದರೆ ತಳಕ್ಕೆ ಅಂಟಿಸಿರುತ್ತಿದ್ದರು. ತೊಡೆಯ ಮೇಲೆ ಉಜ್ಜಿ ಉಜ್ಜಿ ಎಂಟು ಯಾವುದು, ಬಿ ಯಾವುದು ತಿಳಿಯದ ಹಾಗೆ ಅಳಿಸಿಹೋಗುತ್ತಿತ್ತು. ಬುದ್ಧಿವಂತರು ಮೊದಲ ದಿನವೇ ಮೇಲೊಂದು ಪಾರದರ್ಶಕ ಟೇಪ್ ಅಂಟಿಸುತ್ತಿದ್ದರು. ಆ ಹಳೇ ಕೀಗಳನ್ನು ಬಳಸಿ ವಿಂಡೋಸ್ 10 ಹಾಕಿಕೊಳ್ಳುವ ದಾರಿ ಬಹಳ ವರ್ಷ ತೆರೆದಿತ್ತು. 2023ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಅದನ್ನು ಮುಚ್ಚಿತು.

ಕಾನೂನು ಏನನ್ನುತ್ತದೆ ಎಂದು ಗಿರಾಕಿಗಳು ಆಗಾಗ ಕೇಳುತ್ತಾರೆ. ನಾನು ವಕೀಲನಲ್ಲ, ಓದಿಕೊಂಡದ್ದನ್ನು ಹೇಳುತ್ತೇನೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನ್ಯಾಯವಾಗಿ ಪ್ರೋಗ್ರಾಂ ಹೊಂದಿದವರು ಅದು ಹಾಳಾದರೆ ಇರಲಿ ಎಂದು ಬ್ಯಾಕಪ್ ಪ್ರತಿ ಮಾಡಿಟ್ಟುಕೊಳ್ಳಬಹುದು. ಅದನ್ನು ಪಕ್ಕದ ಮನೆಗೆ ಹಂಚಲು ಅಲ್ಲ. 63-ಬಿ ಸೆಕ್ಷನ್ ಇನ್ನೂ ಖಾರ. ನಕಲಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ವ್ಯಾಪಾರಕ್ಕಲ್ಲದೆ, ಲಾಭಕ್ಕಲ್ಲದೆ ಬಳಸಿದ್ದರೆ ಕೋರ್ಟು ಜೈಲು ಬಿಟ್ಟು ದಂಡ ಮಾತ್ರ ಹಾಕಬಹುದು. ಶಾಲೆ ಮೇಷ್ಟ್ರಿಗೆ ನಾನು ಧೈರ್ಯ ಹೇಳಿದ್ದು ಈ ಕೊನೇ ಮಾತಿನ ಮೇಲೆ.

ಕೊಂಡದ್ದನ್ನು ಮತ್ತೆ ಮಾರುವ ವಿಚಾರ ಬಂದರೆ ಕಾಯ್ದೆ ಅಷ್ಟು ಸ್ಪಷ್ಟವಾಗಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ಮಾರುವವರಿಗೆ ತಕರಾರಿಲ್ಲ, ಯಾಕೆಂದರೆ ಈಗಾಗಲೇ ಚಲಾವಣೆಯಲ್ಲಿರುವ ಪುಸ್ತಕದ ಪ್ರತಿಯನ್ನು ಕಾಯ್ದೆಯೇ ಹೊರಗಿಟ್ಟಿದೆ. ಕಂಪ್ಯೂಟರ್ ಪ್ರೋಗ್ರಾಮಿನ ಸಾಲಿನಲ್ಲಿ ಆ ಮಾತಿಲ್ಲ. 'ಮೊದಲೇ ಮಾರಾಟವಾಗಿದ್ದರೂ ಸರಿ' ಮಾರುವ ಹಕ್ಕು ಕೃತಿಸ್ವಾಮ್ಯದ ಒಡೆಯನದೇ ಎಂದು 1994ರಲ್ಲಿ ಸೇರಿಸಿದ್ದರು. 1999ರ ತಿದ್ದುಪಡಿಯಲ್ಲಿ ಆ ಪದಗಳನ್ನು ತೆಗೆದರು. ತೆಗೆದ ಜಾಗದಲ್ಲಿ 'ಮಾರಬಹುದು' ಎಂದೂ ಬರೆಯಲಿಲ್ಲ. ಹೀಗಾಗಿ ಕಂಪನಿಯ ಷರತ್ತುಪತ್ರವೇ ನಮಗೆ ಕಾನೂನಾಗಿ ಕೂತಿದೆ. ತಮಾಷೆ ಏನೆಂದರೆ, ಟಿಸಿಎಸ್ ಮತ್ತು ಆಂಧ್ರಪ್ರದೇಶ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ 2004ರಲ್ಲೇ ಸುಪ್ರೀಂ ಕೋರ್ಟ್, ಡಿಸ್ಕಿನಲ್ಲಿ ಬರುವ ಸಿದ್ಧ ಸಾಫ್ಟ್‌ವೇರ್ ಸರಕೇ, ಅದಕ್ಕೆ ಮಾರಾಟ ತೆರಿಗೆ ಹಾಕಬಹುದು ಎಂದು ಹೇಳಿದೆ. ತೆರಿಗೆ ಕಟ್ಟುವಾಗ ಸರಕು, ನಾವು ಮಾರಲು ಹೋದರೆ ಬರೀ ಅನುಮತಿ! ಯುರೋಪಿನಲ್ಲಿ 2012ರಲ್ಲಿ ಯೂಸ್ಡ್‌ಸಾಫ್ಟ್ ಪ್ರಕರಣದ ತೀರ್ಪು ಬಂತು. ಕಾಲಮಿತಿ ಇಲ್ಲದೆ ಮಾರಿದ ಲೈಸೆನ್ಸನ್ನು, ತನ್ನ ಪ್ರತಿ ಅಳಿಸಿ, ಬೇರೆಯವರಿಗೆ ಮಾರಬಹುದು ಎಂದಿತು ಅಲ್ಲಿನ ನ್ಯಾಯಾಲಯ. ಅಮೆರಿಕದಲ್ಲಿ ಆಟೋಡೆಸ್ಕ್ ಕಂಪನಿಯ ಪ್ರಕರಣದಲ್ಲಿ 2010ರಲ್ಲಿ ಇದಕ್ಕೆ ತದ್ವಿರುದ್ಧವಾದ ತೀರ್ಪು ಬಂದಿತ್ತು.

ಅಮೆರಿಕದ ಇನ್ನೊಂದು ಪ್ರಕರಣ ನಮ್ಮಂಥ ರಿಪೇರಿಯವರ ಎದೆ ನಡುಗಿಸುವಂಥದ್ದು. ಎರಿಕ್ ಲುಂಡ್‌ಗ್ರೆನ್ ಎಂಬಾತ ಕ್ಯಾಲಿಫೋರ್ನಿಯಾದಲ್ಲಿ ಇ-ತ್ಯಾಜ್ಯ ಮರುಬಳಕೆ ಮಾಡುತ್ತಿದ್ದವರು. ಹಳೇ ಡೆಲ್ ಕಂಪ್ಯೂಟರುಗಳ ಜೊತೆ ಕೊಡಲೆಂದು ಚೀನಾದಲ್ಲಿ ವಿಂಡೋಸನ್ನು ಮತ್ತೆ ಹಾಕಿಕೊಳ್ಳುವ 28,000 ರಿಸ್ಟೋರ್ ಡಿಸ್ಕ್ ಮಾಡಿಸಿದರು. ಲೈಸೆನ್ಸ್ ಇರುವ ಯಂತ್ರಕ್ಕೆ ಬಿಟ್ಟಿಯಾಗಿಯೇ ಸಿಗುವ ಸಾಫ್ಟ್‌ವೇರ್ ಅದು, ಕೀ ಇಲ್ಲದಿದ್ದರೆ ಉಪಯೋಗವೂ ಇಲ್ಲ. ಆದರೆ ಡಿಸ್ಕಿನ ಮೇಲೆ ಡೆಲ್ ಹೆಸರು ಅಚ್ಚಾಗಿತ್ತು, ಒಳಗಿನ ಸಾಫ್ಟ್‌ವೇರ್ ನಕಲು ಮಾಡಲು ಅನುಮತಿ ಇರಲಿಲ್ಲ. ಕೋರ್ಟು ಒಂದೊಂದು ಡಿಸ್ಕಿಗೆ 25 ಡಾಲರ್ ಬೆಲೆ ಕಟ್ಟಿ, 15 ತಿಂಗಳ ಜೈಲು, 50,000 ಡಾಲರ್ ದಂಡ ಹಾಕಿತು. 2018ರಲ್ಲಿ ಮೇಲ್ಮನವಿಯಲ್ಲೂ ಅದೇ ನಿಂತಿತು. ಶಿಕ್ಷೆ ಜಾಸ್ತಿಯೇ ಆಯಿತು ಎಂದು ನನಗೆ ಈಗಲೂ ಅನಿಸುತ್ತದೆ. ಆದರೆ ಹೆಸರು ಹಾಕಿ ಅಚ್ಚು ಹೊಡೆಸಿದ್ದನ್ನು ಸಮರ್ಥಿಸಲು ಆಗುವುದಿಲ್ಲ.

ನಕಲು ಮಾಡಿ ಹಂಚಿದರೂ, ಮಾರಿದರೂ ಯಾರೂ ಕೇಳದ ಓಎಸ್, ಅಂದರೆ ವಿಂಡೋಸಿನಂತೆ ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್, ಕೂಡ ಇದೆಯಲ್ಲ! ಲಿನಕ್ಸ್. ಅದರ ಜಿಪಿಎಲ್ ಲೈಸೆನ್ಸ್ ಹೇಳುವುದೇ ಹಂಚಿ ಎಂದು. ಡಿಸ್ಕಿಗೆ ಎಷ್ಟು ಬೇಕಾದರೂ ದುಡ್ಡು ತಗೊಳ್ಳಿ, ಆದರೆ ಕೊಂಡವನು ಇನ್ನೊಬ್ಬನಿಗೆ ಬಿಟ್ಟಿ ಕೊಟ್ಟರೆ ತಡೆಯಬೇಡಿ, ಪ್ರೋಗ್ರಾಂ ಬರೆದ ಮೂಲ ಸಾಲುಗಳು (ಸೋರ್ಸ್ ಕೋಡ್) ಸಿಗುವ ಹಾಗೆ ಮಾಡಿ. ಇಷ್ಟೇ ಷರತ್ತು. ನಮ್ಮ ವಯಸ್ಸಿನವರಿಗೆ ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಬರುತ್ತಿದ್ದ ಲಿನಕ್ಸ್ ಸಿ.ಡಿ. ನೆನಪಿರಬೇಕು. ಆಮೇಲೆ ಉಬುಂಟು ಎಂಬ ಲಿನಕ್ಸಿನವರು ಕೇಳಿದವರಿಗೆಲ್ಲ ಸಿ.ಡಿ.ಯನ್ನು ಪೋಸ್ಟಿನಲ್ಲಿ ಬಿಟ್ಟಿ ಕಳಿಸುತ್ತಿದ್ದರು, 2011ರವರೆಗೂ. ನನ್ನ ಅಂಗಡಿಯ ಡ್ರಾಯರಿನಲ್ಲಿ ಅಂಥದೊಂದು ರಟ್ಟಿನ ಕವರು ಇನ್ನೂ ಇದೆ. ಡೆಬಿಯನ್ ಎಂಬ ಇನ್ನೊಂದು ಲಿನಕ್ಸಿನವರಂತೂ ತಮ್ಮ ಡಿಸ್ಕನ್ನು ಯಾರು ಬೇಕಾದರೂ ಮಾರಿಕೊಳ್ಳಲಿ ಎನ್ನುತ್ತಾರೆ.

ಇಲ್ಲಿಯೂ ಒಂದು ಸೂಕ್ಷ್ಮ ಇದೆ. ಪ್ರೋಗ್ರಾಂ ಹಂಚಬಹುದು, ಹೆಸರನ್ನು ಹಾಗೆಲ್ಲ ಬಳಸುವಂತಿಲ್ಲ. ರೆಡ್ ಹ್ಯಾಟ್ ಲಿನಕ್ಸನ್ನು ನಕಲು ಮಾಡಿ ಅಗ್ಗಕ್ಕೆ ಮಾರುತ್ತಿದ್ದ ಅಮೆರಿಕದ ವ್ಯಾಪಾರಿಗಳು ಆ ಹೆಸರು ಹಾಕುವಂತಿಲ್ಲ ಎಂದಾದಾಗ 'ಪಿಂಕ್ ಟೈ' ಎಂದು ಹೆಸರಿಟ್ಟು ಮಾರಿದರಂತೆ. ಉಬುಂಟುವನ್ನು ಇದ್ದ ಹಾಗೇ ಹಂಚಿದರೆ ಸರಿ. ನಾವೇನಾದರೂ ಒಳಗೆ ಬದಲಾಯಿಸಿ ಅದೇ ಹೆಸರಲ್ಲಿ ಹಂಚಲು ಹೊರಟರೆ ಅದನ್ನು ತಯಾರಿಸುವ ಕ್ಯಾನೊನಿಕಲ್ ಕಂಪನಿಯ ಒಪ್ಪಿಗೆ ಬೇಕು.

ಎಲ್ಲರೂ ಲಿನಕ್ಸಿಗೆ ಬನ್ನಿ ಎಂದು ನಾನು ಹೇಳುತ್ತಿಲ್ಲ. ಮಂಡಿಯವರ ಟ್ಯಾಲಿ ನೇರವಾಗಿ ಅದರಲ್ಲಿ ಓಡುವುದಿಲ್ಲ. ಡಿಟಿಪಿಯವರ ಹಳೇ ನುಡಿ ಫಾಂಟಿನ ಫೈಲುಗಳು ಗೋಳು ಹೊಯ್ದುಕೊಳ್ಳುತ್ತವೆ. ಆದರೆ ಶಾಲೆಗೆ ಏನು ಕಷ್ಟ? ಯೂನಿಕೋಡ್ ಕನ್ನಡ ಚೆನ್ನಾಗಿ ಮೂಡುತ್ತದೆ, ನಮ್ಮ ಕನ್ನಡ ಗಣಕ ಪರಿಷತ್ತಿನ (ಕೆಜಿಪಿ) ಕೀಬೋರ್ಡ್ ವಿನ್ಯಾಸವೂ ಸಿಗುತ್ತದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಇಂಥದೇ ಓಎಸ್‌ನಲ್ಲಿ ಪಾಠ ಮಾಡುತ್ತಿವೆ. ವಿಂಡೋಸ್ 11 ಒಲ್ಲೆ ಎಂದ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿದರೆ ನಾಲ್ಕು ಜಿಬಿ ರ್‍ಯಾಮಿನಲ್ಲೂ ತಕ್ಕಮಟ್ಟಿಗೆ ಓಡುತ್ತದೆ. ಒಂದೇ ಪೆನ್‌ಡ್ರೈವಿನಿಂದ ಇಡೀ ಲ್ಯಾಬಿಗೆ ಹಾಕಬಹುದು, ಆ ಪೆನ್‌ಡ್ರೈವನ್ನೇ ಪಕ್ಕದ ಶಾಲೆಗೂ ಕೊಡಬಹುದು.

ಇನ್ನು ಯಂತ್ರ ಕೊಡುವವರಿಗೆ ನನ್ನ ಕೋರಿಕೆ. ಸೆಕೆಂಡ್‌ಹ್ಯಾಂಡ್ ಬೈಕ್ ತಗೊಳ್ಳುವಾಗ ಆರ್.ಸಿ. ಬುಕ್ ಎಲ್ಲಿ ಎಂದು ಕೇಳುತ್ತೇವೆ, ಕಂಪ್ಯೂಟರ್ ಕೊಡುವಾಗ ಮಾತ್ರ ಯಾರೂ ಕಾಗದದ ಮಾತೆತ್ತುವುದಿಲ್ಲ. ಕಚೇರಿಗಳು, ಬ್ಯಾಂಕುಗಳು, ಐಟಿ ಕಂಪನಿಗಳು ಹಳೇ ಸಿಸ್ಟಮ್ ಹರಾಜು ಹಾಕುವಾಗ ಆಸ್ತಿ ಪಟ್ಟಿಯ ಅಂಟುಚೀಟಿ ಕೀಳುವ ಭರದಲ್ಲಿ ವಿಂಡೋಸ್ ಸ್ಟಿಕ್ಕರನ್ನೂ ಕಿತ್ತುಬಿಡುತ್ತವೆ. ದಯವಿಟ್ಟು ಅದನ್ನು ಬಿಡಿ. ಹಾರ್ಡ್ ಡಿಸ್ಕಿನ ಡೇಟಾ ಅಳಿಸಿ, ಅದು ನಿಮ್ಮ ಹಕ್ಕು. ಆದರೆ ಯಂತ್ರದ ಜೊತೆ ಬಂದ ರಿಕವರಿ ಡಿಸ್ಕ್ ಬೀರುವಿನಲ್ಲಿ ಬಿದ್ದಿದ್ದರೆ ಅದನ್ನೂ ಡಬ್ಬಿಯೊಳಗೆ ಹಾಕಿ ಕೊಡಿ. ಬಿಲ್ಲಿನಲ್ಲಿ ಒಂದೇ ಸಾಲು ಬರೆಯಿರಿ: ಇದರ ಜೊತೆ ವಿಂಡೋಸ್ ಇಂಥ ಆವೃತ್ತಿಯ ಓಇಎಂ ಲೈಸೆನ್ಸ್ ಇದೆ, ಅಥವಾ ಇಲ್ಲ. ಅಷ್ಟು ಬರೆದಿದ್ದರೆ ಕೊಂಡವರಿಗೆ ಯಾವುದನ್ನು ಹಾಕಬೇಕು ಎಂದು ಮೊದಲ ದಿನವೇ ತಿಳಿಯುತ್ತದೆ.

ತಮ್ಮ ಪತ್ರಿಕೆಯಲ್ಲಿ ಬರುವ ಹರಾಜು ಪ್ರಕಟಣೆಗಳಲ್ಲಿ ಪ್ರೊಸೆಸರ್, ರ್‍ಯಾಮ್, ಮಾನಿಟರ್ ಎಷ್ಟು ಇಂಚು ಎಂದೆಲ್ಲ ಅಚ್ಚಾಗುತ್ತದೆ. ಅದೇ ಕೋಷ್ಟಕದಲ್ಲಿ ಲೈಸೆನ್ಸಿಗೂ ಒಂದು ಕಾಲಂ ಸೇರಿಸುವಂತೆ ಜಾಹೀರಾತು ಕೊಡುವ ಇಲಾಖೆಗಳಿಗೆ ತಾವೂ ಒಂದು ಮಾತು ಹೇಳಬೇಕೆಂದು ವಿನಂತಿ.

– ಕಂಪ್ಯೂಟರ್ ರಿಪೇರಿ ಅಂಗಡಿಯವ, ತಿಪಟೂರು