ಹೈಸ್ಕೂಲ್ ನೆನಪಿನ ಪುಸ್ತಕ: ಗುಂಪಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ 5ಕ್ಕೆ ನಮ್ಮ ಹೈಸ್ಕೂಲ್ ಮೇಷ್ಟ್ರುಗಳಿಗೆ ನೆನಪಿನ ಪುಸ್ತಕ ಕೊಡೋಣ ಅಂತ ಮಾತಾಗಿತ್ತು, ಅಲ್ವಾ? ಇದುವರೆಗೆ ಬಂದಿರುವುದು ನಾಲ್ಕೇ ಬರಹ. ಗುಡ್ ಮಾರ್ನಿಂಗ್ ಹೂವುಗಳು ಮಾತ್ರ ದಿನಕ್ಕೆ ಇಪ್ಪತ್ತು!

ಸುಮ್ನೆ "ತುಂಬಾ ಒಳ್ಳೆಯ ಮೇಷ್ಟ್ರು" ಅಂದರೆ ಸಾಲದು. ಒಂದು ಘಟನೆ ಬರೆಯಿರಿ. ನನ್ನದು ಇದು: ಗಣಿತದ ಮೇಷ್ಟ್ರು ಕೈವಾರ ಇಲ್ಲದೆ, ಬೋರ್ಡಿನ ಮೇಲೆ ಒಂದೇ ಸುತ್ತಿಗೆ ವೃತ್ತ ಎಳೆಯುತ್ತಿದ್ದರು. ತೋಳೆಲ್ಲ ಸೀಮೆಸುಣ್ಣ. ಎಸ್ಸೆಸ್ಸೆಲ್ಸಿಗೆ ಮುಂಚೆ ಬೆಳಿಗ್ಗೆ 7ಕ್ಕೇ ಸ್ಪೆಷಲ್ ಕ್ಲಾಸ್. ಬಸ್ಸಿನಲ್ಲಿ ಬರುವವರು ತಿಂಡಿ ತಿಂದಿರಲ್ಲ ಅಂತ ಅವರೇ ಬನ್ ತರಿಸುತ್ತಿದ್ದರು. ಪ್ರಮೇಯ ತಪ್ಪಿದವರಿಗೂ ಮೊದಲು ಬನ್, ಆಮೇಲೆ ಬೈಗುಳ.

ಗಂಟೆ ಬಾರಿಸುತ್ತಿದ್ದ ಜವಾನರನ್ನೂ ಮರೆಯಬೇಡಿ.

1921ರಲ್ಲಿ ರಾಧಾಕೃಷ್ಣನ್ ಮೈಸೂರು ಬಿಟ್ಟು ಕಲ್ಕತ್ತಕ್ಕೆ ಹೊರಟಾಗ ಮಹಾರಾಜ ಕಾಲೇಜಿನ ಹುಡುಗರು ಅವರ ಸಾರೋಟನ್ನು ತಾವೇ ಸ್ಟೇಷನ್ನಿನವರೆಗೆ ಎಳೆದಿದ್ದರಂತೆ. ನಾನು ಕೇಳುತ್ತಿರುವುದು ಬರೀ ಅರ್ಧ ಪುಟ.

ಆಗಸ್ಟ್ 20ರೊಳಗೆ ಕಳಿಸಿ. ಟೈಪ್ ಮಾಡಲು ಬೇಜಾರಾದರೆ ವಾಯ್ಸ್ ಮೆಸೇಜ್ ಹಾಕಿ, ನಾನೇ ಬರೆದುಕೊಳ್ಳುತ್ತೇನೆ. ಹಳೇ ಗ್ರೂಪ್ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಮೇಷ್ಟ್ರುಗಳಿಗೆ ಇಟ್ಟಿದ್ದ ಅಡ್ಡಹೆಸರು ಮಾತ್ರ ಬೇಡಪ್ಪಾ, ಪುಸ್ತಕ ಅವರ ಕೈಗೇ ಹೋಗುತ್ತದೆ.